ಗೊಣಗಜ್ಜ ನಕ್ಕ ಭಾನುವಾರ

ಮಾವನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಕಾರಣ ಸಿಕ್ಕಿದ ದಿನ ಕೊಂಚ ತಣ್ಣಗಿರುತ್ತಿದ್ದರು, ಅಷ್ಟೆ. ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಲೇ ಅವರ ಮೊದಲ ಜಗಳ ಬೆಳಕಿನ ಜೊತೆ. ಬಿಸಿಲು ಚುರುಕಾಗಿದ್ದರೆ "ಏನು ಅವಸರವೋ ಇದಕ್ಕೆ" ಎನ್ನುತ್ತಿದ್ದರು. ಮೋಡ ಕವಿದಿದ್ದರೆ "ಸೂಜಿಗೆ ದಾರ ಪೋಣಿಸೋದು ಹೇಗೆ? ಇದರಪ್ಪ ಬಂದು ದೀಪ ಹಿಡೀತಾನಾ?" ಎಂದು ಆಕಾಶವನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಹೊಲಿಗೆ ಯಂತ್ರದ ಸರದಿ, ಇಸ್ತ್ರಿ ಪೆಟ್ಟಿಗೆಯ ಸರದಿ, ಕೊನೆಗೆ ಮನುಷ್ಯರದು.

ಮನೆಯ ಮುಂದಿನ ಕೋಣೆಯೇ ಟೈಲರ್ ಅಂಗಡಿ. ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಕಾಲಲ್ಲಿ ತುಳಿಯುವ ಹಳೇ ಯಂತ್ರ, ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಪರದೆ ಎಳೆದ ಒಂದು ಗೂಡು. ಅಂಗಡಿಯನ್ನೂ ಅಡುಗೆಮನೆಯನ್ನೂ ಬೇರೆ ಮಾಡುತ್ತಿದ್ದದ್ದು ಒಂದು ತೆಳು ಬಾಗಿಲು; ಅದಕ್ಕೆ ಚಿಲಕ ಸರಿಯಾಗಿ ಬೀಳುತ್ತಿರಲಿಲ್ಲ. ಹಾಗಾಗಿ ಒಳಗೆ ಮಗುವಿಗೆ ಅನ್ನ ಕಲಸುತ್ತಿದ್ದ ಸೊಸೆಗೆ ಹೊರಗಿನ ಮಾತೆಲ್ಲ ಅಕ್ಷರ ಬಿಡದೆ ಕೇಳಿಸುತ್ತಿತ್ತು.

"ಹೊಟ್ಟೆ ಒಳಗೆ ಎಳ್ಕೋಬೇಡಿ. ದಿನವಿಡೀ ಹೀಗೇ ಉಸಿರು ಹಿಡ್ಕೊಂಡು ಓಡಾಡ್ತೀರಾ?"

"ಸ್ವಲ್ಪ ಸಣ್ಣ ಕಾಣೋ ಹಾಗೆ ಹೊಲೀರಿ ಅಂದೆ, ಅಷ್ಟೇ."

"ನಾನು ಹೊಲಿಯೋದು ನಿಮ್ಮ ಹೊಟ್ಟೆಗೆ. ನಿಮ್ಮ ಆಸೆಗಲ್ಲ. ಕೈ ಎತ್ತಿ. ಇಷ್ಟೊಂದು ಅಲ್ಲ, ನಿಮ್ಮನ್ನ ಯಾರೂ ದರೋಡೆ ಮಾಡ್ತಿಲ್ಲ!"

ಆದರೂ ಗಿರಾಕಿಗಳು ಬರುತ್ತಿದ್ದರು. ಮಾವ ಹೊಲಿದ ಅಂಗಿ ಮೈಮೇಲೆ ಕೂತರೆ ಏಳುವ ಮಾತೇ ಇಲ್ಲ ಎಂಬುದು ಒಂದು ಕಾರಣ. ಮನೆಯಲ್ಲಿ ಯಾರೂ ಬೈಯುವವರಿಲ್ಲದೆ ಬೇಜಾರಾಗಿ, ಇದ್ದ ಗುಂಡಿಯನ್ನೇ ಕಿತ್ತುಕೊಂಡು ಬರುವವರೂ ಇದ್ದರು ಎಂದು ಎದುರಂಗಡಿಯ ಕೊಡೆ ರಿಪೇರಿಯವರು ಹೇಳುತ್ತಿದ್ದರು.

ಈ ಸಿಡುಕು ಮಾವನಿಗೆ ಬಂದದ್ದು ಅವರ ಚಿಕ್ಕಪ್ಪನಿಂದ. ಮೀಸೆ ಚಿಗುರುವ ಮೊದಲೇ ಅವರನ್ನು ಆ ಚಿಕ್ಕಪ್ಪನ ಅಂಗಡಿಗೆ ಕಾಜಾ ಹಾಕಲು ಬಿಟ್ಟಿದ್ದರು. ಕತ್ತರಿ ಮುಟ್ಟಲು ಬಿಡುವವರೆಗೆ ಊರಿನ ಅರ್ಧ ಜನರ ಅಂಗಿಯ ಗುಂಡಿಗಳಿಗೆ ತೂತು ಮಾಡಿಕೊಟ್ಟಿದ್ದರಂತೆ. ಚಿಕ್ಕಪ್ಪ ಹೊಗಳಿದ್ದು ಒಂದೇ ಸಲ. ಅದೂ ಜ್ವರದಲ್ಲಿ ಕನವರಿಸುತ್ತಾ ಎಂದು ಮಾವ ಹೇಳುತ್ತಿದ್ದರು. ಮದುವೆಯಾಗಿ ಬಂದ ಅತ್ತೆ ಮಾತ್ರ ನಗುವಿನ ಮೂಟೆ. ಆಕೆಗೆ ಏನೇ ಹೊಲಿದರೂ ಮಾವ "ನೀನು ಅಳತೆಗೆ ಸರಿಯಾಗಿ ಇರಲ್ಲ, ಒಂದು ವಾರ ದಪ್ಪ ಒಂದು ವಾರ ಸಣ್ಣ" ಎಂದು ಗೊಣಗುತ್ತಿದ್ದರು, ಆಕೆ ಹಾಕಿಕೊಂಡು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ ನಗುತ್ತಿದ್ದಳು. ಆಕೆ ತೀರಿಕೊಂಡ ದಿನ ನೋಡಲು ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ, "ಇಸ್ತ್ರಿ ಇಲ್ಲದ ಅಂಗಿ ಹಾಕ್ಕೊಂಡು ಅವಳ ಮುಂದೆ ಹೋಗ್ತೀರಾ? ಬಿಚ್ಚಿ ಇಲ್ಲಿ" ಎಂದು ಒಬ್ಬೊಬ್ಬರ ಅಂಗಿಗೂ ಇಸ್ತ್ರಿ ಹಾಕಿ ಒಳಗೆ ಕಳಿಸಿದ್ದರು. ಅವತ್ತು ಅವರು ಅತ್ತದ್ದನ್ನು ಯಾರೂ ನೋಡಿಲ್ಲ. ಇಸ್ತ್ರಿಯ ಹಬೆ ತುಂಬಾ ಇತ್ತು.

ಸೊಸೆ ಈ ಮನೆಗೆ ಬಂದದ್ದು ಅದಾದ ಮೇಲೆ. ಅವಳು ಮುದ್ರಣಾಲಯವೊಂದರಲ್ಲಿ ಸೋಪಿನ ಡಬ್ಬಿ, ಕ್ಯಾಲೆಂಡರು ಅಂತ ಚಿತ್ರ ಬರೆಯುತ್ತಿದ್ದವಳು. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಅದರ ಬದಲಿಗೆ ಹೆದರಿಕೆ ಹಿಡಿದುಕೊಂಡಳು. ಮಗು ಅತ್ತರೆ ಹೆದರಿಕೆ, ಸುಮ್ಮನಿದ್ದರೆ ಇನ್ನೂ ಹೆದರಿಕೆ. ಕಿಟಕಿ ತೆರೆದರೆ ಶೀತ, ಮುಚ್ಚಿದರೆ ಸೆಕೆ. ಪುಟ್ಟಿ ಮಲಗಿದ್ದಾಗ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವುದು, ಪಾತ್ರೆ ತೊಳೆದು ಬಂದು ಮತ್ತೆ ನೋಡುವುದು. ಗಂಡ ಬಸ್ ಚಾಲಕ; ಬೆಳಕು ಹರಿಯುವ ಮುಂಚೆ ಹೋದರೆ ಬರುವುದು ಸಂಜೆಗೆ. "ಏನೂ ಆಗಲ್ಲ ಬಿಡೇ" ಎಂದು ಅವನು ಹೇಳುತ್ತಿದ್ದ, ಅದರಿಂದ ಏನೂ ಆಗುತ್ತಿರಲಿಲ್ಲ.

ಒಂದು ದಿನ ಅವಳು ಹೀಗೆ ಮೂಗಿನ ಮುಂದೆ ಬೆರಳು ಹಿಡಿದು ಕೂತಿದ್ದಾಗ ನೀರು ಕುಡಿಯಲು ಬಂದ ಮಾವ ನಿಂತು ನೋಡಿದರು. ಲೋಟ ಕೆಳಗಿಟ್ಟರು.

"ಮಗು ಉಸಿರಾಡ್ತಿದೆ ಕಣಮ್ಮ," ಎಂದರು. "ನೀನೂ ಸ್ವಲ್ಪ ಉಸಿರಾಡು."

ಅವಳಿಗೆ ತಡೆಯಲಾರದ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಅವಳು ಕೈಗೆ ಸಿಕ್ಕ ಕಾಗದದಲ್ಲಿ ಆ ಮುಖವನ್ನು ಗೀಚಿದಳು: ಉದ್ದ ಮೂಗು, ಪೊರಕೆಯಂಥ ಹುಬ್ಬು, ಕೆಳಗೆ ಬಾಗಿದ ಬಾಯಿ. ಮಾರನೇ ದಿನ ಇನ್ನೊಂದು. ವೈದ್ಯರು "ದೀರ್ಘವಾಗಿ ಉಸಿರು ತಗೊಳ್ಳಿ" ಎಂದರೆ "ಈ ಗಾಳೀನಾ?" ಎಂದು ಕೇಳುವ ಮುದುಕ. "ಹೇಗಿದ್ದೀರಿ ಅಜ್ಜ?" ಎಂದವನಿಗೆ "ಎದುರಿಗೇ ಇದ್ದೀನಲ್ಲ, ನೋಡಿ ನೀನೇ ಹೇಳು" ಎನ್ನುವ ಮುದುಕ. ಗೊಣಗಜ್ಜ ಹುಟ್ಟಿದ್ದು ಹೀಗೆ. ಚಿತ್ರ ಬರೆಯುವಷ್ಟು ಹೊತ್ತು ಮಾತ್ರ ಅವಳಿಗೆ ಹೆದರಿಕೆ ಮರೆತುಹೋಗುತ್ತಿತ್ತು. ದಿನದಲ್ಲಿ ಅವಳದೇ ಅಂತ ಇದ್ದದ್ದು ಆ ಹೊತ್ತೊಂದೇ.

ಗಂಡ ಆ ಚಿತ್ರಗಳನ್ನು ಬಸ್ಸಿನಲ್ಲೇ ಕೊಂಡೊಯ್ದು ಪತ್ರಿಕೆಯ ಕಚೇರಿಯಲ್ಲಿ ಕೊಟ್ಟುಬಂದ. ಭಾನುವಾರದ ಸಂಚಿಕೆಯಲ್ಲಿ ಮಕ್ಕಳಿಗೊಂದು ಪುಟವಿತ್ತು, ದೊಡ್ಡವರಿಗೊಂದು ಹಾಸ್ಯಪುಟವಿತ್ತು; ಗೊಣಗಜ್ಜನಿಗೆ ದೊಡ್ಡವರ ಪುಟದ ಕೆಳಗಿನ ಮೂಲೆ ಸಿಕ್ಕಿತು. ಮಾವನಿಗೆ ಗೊತ್ತಾದರೆ ಏನು ಗತಿ ಎಂದು ಸೊಸೆ ಎರಡು ಉಪಾಯ ಮಾಡಿದ್ದಳು. ಒಂದು, 'ಗುಂಡುಸೂಜಿ' ಎಂಬ ಹೆಸರಿನಲ್ಲಿ ಬರೆದದ್ದು. ಇನ್ನೊಂದು, ಗುರುತು ಸಿಗದಿರಲಿ ಎಂದು ಅಜ್ಜನ ಕೈಗೆ ಒಂದು ಕೊಡೆ ಕೊಟ್ಟದ್ದು.

ಕೊಡೆ ಕೊಟ್ಟದ್ದೇ ತಮಾಷೆಯಾಯಿತು. ಮೊದಲ ಭಾನುವಾರ ಮಾವ ಪತ್ರಿಕೆ ಬಿಡಿಸಿ ನೋಡಿದವರು, ಕನ್ನಡಕ ಒರೆಸಿ ಮತ್ತೆ ನೋಡಿದವರು, ಕತ್ತರಿ ತೆಗೆದುಕೊಂಡು ಚಿತ್ರವನ್ನು ನೂಲು ಹಿಡಿದಂತೆ ನೇರವಾಗಿ ಕತ್ತರಿಸಿ, ಬೀದಿ ದಾಟಿ ಹೋಗಿ ಕೊಡೆಯವರ ಗಾಜಿನ ಬಾಗಿಲಿಗೆ ಅಂಟಿಸಿದರು.

"ಲೋ, ನಿನ್ನ ಯಾರೋ ಪೇಪರ್‌ನಲ್ಲಿ ಹಾಕಿದಾರೆ ಕಣೋ!"

ಕೊಡೆಯವರು ಬಾಯಲ್ಲಿದ್ದ ತಂತಿ ತೆಗೆದು ಇಣುಕಿದರು. ಇಬ್ಬರೂ ಚಿಕ್ಕಂದಿನ ಗೆಳೆಯರು. ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಮಾತಾಡಿದ್ದು ಯಾರೂ ಕೇಳಿಲ್ಲ. "ನಾನಾ? ಆ ಮಾತು ನೋಡೋ ಮಾತು. ನಿನ್ನ ಬಾಯಿ ಬಿಟ್ಟು ಬೇರೆ ಯಾವ ಬಾಯಲ್ಲಿ ಬರುತ್ತೆ ಅದು?"

"ಕೊಡೆ ಯಾರ ಕೈಲಿದೆ? ಕಣ್ಣು ಹೋಗಿದೆಯಾ?"

"ಮೂಗು ಯಾರದ್ದು?"

"ನನಗೆಲ್ಲಿದೆ ಇಷ್ಟುದ್ದ ಮೂಗು!"

"ಆಳೆತ್ತರದ ಕನ್ನಡಿ ಇರೋದು ನಿನ್ನ ಅಂಗಡೀಲಿ. ಹೋಗಿ ನೋಡ್ಕೋ ಹೋಗು."

ಅಲ್ಲಿಂದ ಪ್ರತಿ ಭಾನುವಾರ ಇದೇ ಕಥೆ. ಮಾವ ಕೊಡೆಯವರ ಬಾಗಿಲಿಗೆ ಅಂಟಿಸುವುದು, ಕೊಡೆಯವರು ತಮ್ಮ ಪ್ರತಿಯಿಂದ ಕತ್ತರಿಸಿ ಮಾವನ ಕನ್ನಡಿಗೆ ಅಂಟಿಸುವುದು. ಕನ್ನಡಿಯಲ್ಲಿ ಮುಖ ನೋಡಲು ಬಂದ ಗಿರಾಕಿ ಒಮ್ಮೆ ಗೊಣಗಜ್ಜನನ್ನು, ಒಮ್ಮೆ ಮಾವನನ್ನು ನೋಡಿ, ಕೆಮ್ಮು ಬಂದವರಂತೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಮಾವನಿಗೆ ಮಾತ್ರ ಅನುಮಾನದ ಸುಳಿವೂ ಇಲ್ಲ. ವಾರವಿಡೀ ಅದನ್ನು ಓದಿ ಓದಿ ನಗುತ್ತಿದ್ದರು. ಅವರ ನಗುವೂ ವಿಚಿತ್ರ. ಮೂಗಿನಿಂದ ಒಂದು 'ಹ್ಹ', ಅಷ್ಟೇ.

"ಈ ಗುಂಡುಸೂಜಿ ಯಾರೋ ಸಂಸಾರಸ್ಥ ಗಂಡಸೇ ಇರ್ಬೇಕು," ಎಂದು ಊಟದ ಹೊತ್ತಿಗೆ ಹೇಳುತ್ತಿದ್ದರು. "ಎಲ್ಲೋ ಮೂಲೇಲಿ ಕೂತು ಇವನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾನೆ. ಏನಮ್ಮ, ಸಾರು ಅಷ್ಟೊಂದು ಬಡಿಸ್ತೀಯಾ? ತಟ್ಟೇಲಿ ಈಜಬೇಕಾ ನಾನು?"

ಸೊಸೆ ತಲೆಯೆತ್ತುತ್ತಿರಲಿಲ್ಲ. ಗಂಡ ನೆತ್ತಿಗೇರಿದಂತೆ ಕೆಮ್ಮುತ್ತಾ ಎದ್ದುಹೋಗುತ್ತಿದ್ದ.

ಹೀಗೆ ನಡೆಯುತ್ತಿರುವಾಗ ಪತ್ರಿಕೆಯ ಭಾನುವಾರದ ಪುಟಗಳಿಗೆ ಹೊಸ ಸಂಪಾದಕರು ಬಂದರು. ಒಂದು ಮಧ್ಯಾಹ್ನ, ಪುಟ್ಟಿ ಹಲ್ಲು ಬರುವ ಕಿರಿಕಿರಿಯಲ್ಲಿ ಸೂರು ಹಾರಿಹೋಗುವಂತೆ ಅಳುತ್ತಿದ್ದಾಗ ಅವರ ಫೋನು.

"ಮೇಡಂ, ನಿಮ್ಮ ಅಜ್ಜ ಎಷ್ಟು ದಿನ ಅಂತ ಬರೀ ಬೈತಾನೆ? ಭಾನುವಾರ ಓದೋರಿಗೆ ಮನಸ್ಸು ಹಗುರ ಆಗ್ಬೇಕು. ಅವನು ಮೊಮ್ಮಗುನ ಎತ್ಕೊಳ್ಳಲಿ, ಹೂ ಕೊಡಲಿ, ಕಣ್ಣಲ್ಲಿ ಒಂದು ಹನಿ ಬರಲಿ."

"ಅವನು ಆ ಥರ ಅಲ್ಲ ಸಾರ್..."

"ಆಗಿಸಿ ಮೇಡಂ. ಪೆನ್ಸಿಲ್ ನಿಮ್ಮ ಕೈಲೇ ಇದೆಯಲ್ಲ. ಇಲ್ಲಾಂದ್ರೆ ಆ ಜಾಗಕ್ಕೆ ಒಂದು ಬೆಕ್ಕಿನ ಮರಿ ಕಾಮಿಕ್ಸ್ ಸಿದ್ಧ ಇದೆ."

ಅವಳು ಫೋನಿಟ್ಟಳು. ಆ ಮೂಲೆಯೂ ಹೋದರೆ ತನಗೆ ಉಳಿಯುವುದು ಬೆರಳು, ಮೂಗು, ಉಸಿರು, ಅಷ್ಟೇ ಎಂದುಕೊಂಡಳು. ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಬರೆದಳು. ಗೊಣಗಜ್ಜ ಕೊಡೆ ಮಡಿಸಿಟ್ಟ, ಮಗುವಿಗೆ ಹೂ ಕೊಟ್ಟ, ನಕ್ಕ, ಕಣ್ಣೀರು ಹಾಕಿದ. ಆ ಬಾಯನ್ನು ಮೇಲಕ್ಕೆ ಬಾಗಿಸುವಾಗ ಪೆನ್ಸಿಲ್ ಎರಡು ಸಲ ಮುರಿಯಿತು.

ಭಾನುವಾರ ಬಂತು. ಮಾವ ಪತ್ರಿಕೆ ಬಿಡಿಸಿದರು. 'ಹ್ಹ' ಕೇಳಲಿಲ್ಲ. ಸೊಸೆ ಬಾಗಿಲ ಸಂದಿಯಿಂದ ನೋಡಿದಳು. ಮಾವ ಪತ್ರಿಕೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ತಿರುಗಿಸಿ ಹಿಂದಿನ ಪುಟ ನೋಡಿದರು. ಆಮೇಲೆ ಕತ್ತರಿ ಮುಟ್ಟದೆ, ಚಪ್ಪಲಿಯನ್ನೂ ಮೆಟ್ಟದೆ, ಬೀದಿ ದಾಟಿ ಕೊಡೆಯವರ ಅಂಗಡಿಗೆ ನಡೆದರು. ಅವಳು ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು.

ಮಾವ ಕೊಡೆಯವರ ಹಣೆ ಮುಟ್ಟಿ ನೋಡುತ್ತಿದ್ದರು.

"ಏನೋ ಇದು, ಕೈ ತೆಗಿ!"

"ಜ್ವರ ಇಲ್ಲ. ಮತ್ತೆ ಪೇಪರಲ್ಲಿ ಯಾಕೋ ಅಳ್ತಿದ್ದೀಯ?"

"ನಾನೆಲ್ಲಿ ಅಳ್ತಿದ್ದೀನಿ? ನಿನ್ನನ್ನ ಕೇಳೋಣ ಅಂತ ನಾನೇ ಬರ್ತಿದ್ದೆ. ಆಸ್ಪತ್ರೆಗೇನಾದ್ರೂ ತೋರಿಸ್ಬೇಕಾ, ಹಾರ್ಟಿಗೆ ಏನಾದ್ರೂ..."

"ನನ್ನ ಹಾರ್ಟು ಸರಿಯಾಗಿದೆ! ಇವನು ಹೂ ಹಿಡ್ಕೊಂಡಿದಾನೆ ಕಣೋ. ಹೂವು! ಇಷ್ಟು ದಿನ ಗಟ್ಟಿಯಾಗಿದ್ದ ಮನುಷ್ಯನ್ನ ಯಾರೋ ನೀರಲ್ಲಿ ನೆನೆಸಿ ಹಿಂಡಿಬಿಟ್ಟಿದಾರೆ." ಮಾವ ಕೈಯಲ್ಲಿದ್ದ ಪತ್ರಿಕೆಯನ್ನು ಬಡಿದು ತೋರಿಸಿದರು. "ವಾರಕ್ಕೊಂದು ದಿನ ನನ್ನ ಮನಸ್ಸಲ್ಲಿರೋದನ್ನ ಇನ್ನೊಬ್ಬ ಆಡ್ತಿದ್ದ. ಅವನನ್ನೂ ಕೆಡಿಸಿದ್ರು. ನಾಳೆ ಹೋಗ್ತೀನಿ ಆ ಪೇಪರ್ ಆಫೀಸಿಗೆ."

"ನಾನೂ ಬರ್ತೀನಿ," ಎಂದರು ಕೊಡೆಯವರು.

ಸೊಸೆ ಸರಕ್ಕನೆ ಒಳಗೆ ಸರಿದಳು. ಮುಂದಿನ ವಾರದ ಚಿತ್ರ ಹಿಡಿದುಕೊಂಡು ಸೋಮವಾರ ಅದೇ ಕಚೇರಿಗೆ ಬರಲು ಸಂಪಾದಕರು ಅವಳಿಗೂ ಹೇಳಿದ್ದರು.

ಮಗುವಿಗೆ ಚುಚ್ಚುಮದ್ದು ಹಾಕಿಸಬೇಕು ಎಂದು ಸುಳ್ಳು ಹೇಳಿ ಅವಳು ಬೇಗನೆ ಹೊರಟಳು. ಮಾವನಿಗಿಂತ ಮುಂಚೆ ಹೋಗಿ, ಚಿತ್ರ ಕೊಟ್ಟು, ಮಾವ ಬರುವಷ್ಟರಲ್ಲಿ ವಾಪಸ್ಸಾಗುವ ಲೆಕ್ಕಾಚಾರ. ಆದರೆ ಸಂಪಾದಕರು ಸಭೆಯಲ್ಲಿದ್ದರು. ಅವರು ಬರುವ ಹೊತ್ತಿಗೆ ಪುಟ್ಟಿ ಒಮ್ಮೆ ಹಾಲು ಕಕ್ಕಿ, ಒಮ್ಮೆ ಬಟ್ಟೆ ಬದಲಿಸಿಕೊಂಡು, ಅವರ ಮೇಜಿನ ಪೇಪರ್‌ವೇಟನ್ನು ಬಾಯಿಗೆ ಹಾಕಿಕೊಳ್ಳಲು ಹವಣಿಸುತ್ತಿದ್ದಳು. ಸಂಪಾದಕರು ಹೊಸ ಚಿತ್ರ ನೋಡಿದರು. ಗೊಣಗಜ್ಜ ಉದ್ಯಾನದಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಾ ನಗುತ್ತಿದ್ದ.

"ಆಹಾ! ಈಗ ನೋಡಿ, ಎಷ್ಟು ಚೆನ್ನಾಗಿ..."

ಅಷ್ಟರಲ್ಲಿ ಹೊರಗಿನಿಂದ ಒಂದು ದನಿ ಕೇಳಿತು. ಗೋಡೆಯಾಚೆಯಿಂದ ಬಂದರೂ ಅವಳಿಗೆ ಅಕ್ಷರ ಬಿಡದೆ ಕೇಳಿಸುವ ದನಿ.

"ಕೂತ್ಕೊಳ್ಳಿ ಅಂತೀರಲ್ಲಮ್ಮ, ಈ ಕುರ್ಚಿ ಕೂರೋದಕ್ಕಾ, ಇಲ್ಲ ಬಂದವರನ್ನ ಓಡಿಸೋದಕ್ಕಾ? ಆ ಗುಂಡುಸೂಜೀನ ಕರೀರಿ. ಅವನು ಸಿಗೋವರೆಗೂ ನಾನು ಇಲ್ಲಿಂದ ಅಲ್ಲಾಡಲ್ಲ."

ಬಾಗಿಲು ತೆರೆಯಿತು. ಇಸ್ತ್ರಿಯ ಗೆರೆ ಕತ್ತಿಯಂತೆ ನಿಂತ ಕೋಟಿನಲ್ಲಿ ಮಾವ, ಅವರ ಬೆನ್ನಿಗೆ ಕೊಡೆಯವರು. ಮಾವನ ಕಣ್ಣು ಮೊದಲು ಬಿದ್ದದ್ದು ಮಗುವಿನ ಮೇಲೆ, ಆಮೇಲೆ ಸೊಸೆಯ ಮೇಲೆ.

"ಪುಟ್ಟಿಗೇನಾಯ್ತು? ಡಾಕ್ಟರ್ ಹತ್ರ ಹೋಗಿದ್ದವಳು ಇಲ್ಲೇನು ಮಾಡ್ತಿದ್ದೀ?"

ಸುಳ್ಳು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ದಾರಿ ತಪ್ಪಿತು ಅನ್ನಬಹುದಿತ್ತು, ಮಳೆ ಬಂತು ಅನ್ನಬಹುದಿತ್ತು. ಮಗು ಹುಟ್ಟಿದಾಗಿನಿಂದ ಎಲ್ಲಕ್ಕೂ ಹೆದರಿ ಹೆದರಿ ಅವಳಿಗೆ ಆ ಕ್ಷಣದಲ್ಲಿ ಒಮ್ಮೆಲೇ ಸುಸ್ತಾಯಿತು.

"ಮಾವ, ಗುಂಡುಸೂಜಿ ನಾನೇ," ಎಂದಳು. "ಗೊಣಗಜ್ಜನ್ನ ಬರೆಯೋದು ನಾನು."

ಮಾವ ಅವಳನ್ನೇ ನೋಡಿದರು. ಆಮೇಲೆ ಹಿಂದೆ ತಿರುಗಿ ಕೊಡೆಯವರನ್ನು ನೋಡಿದರು. "ನನ್ನ ಸೊಸೆ ನಿನ್ನನ್ನ ಯಾಕೋ ಬರೀತಾಳೆ?"

"ಅಯ್ಯೋ ನಿನ್ನ! ನನ್ನನ್ನಲ್ಲ ಕಣೋ, ನಿನ್ನನ್ನ! ಮೊದಲಿಂದ ಬಡ್ಕೊಳ್ತಿದ್ದೀನಿ ನಾನು."

ಮಾವನ ಕೈ ತಾನಾಗಿ ಮೂಗಿನ ಮೇಲೆ ಹೋಯಿತು. ಅದರ ಉದ್ದಕ್ಕೂ ಮೆಲ್ಲಗೆ ಇಳಿಯಿತು.

"ಅದು ನಾನಾ?"

"ಹೌದು, ಮಾವ."

"ಆ 'ಈ ಗಾಳೀನಾ' ಅನ್ನೋ ಮಾತು, ನಂದಾ?"

"ನಿಮ್ಮದೇ. ನೀವು ಡಾಕ್ಟರಿಗೆ ಹೇಳಿದ್ದು."

"ಹ್ಹ," ಎಂದಿತು ಮಾವನ ಮೂಗು. ಅವರೇ ಬೆಚ್ಚಿದಂತೆ ಕಂಡರು. ಮತ್ತೆ ಒಂದು "ಹ್ಹ". ಆಮೇಲೆ ಅವರು ಕೋಟಿನ ಗುಂಡಿ ಹಾಕಿಕೊಂಡು ಸಂಪಾದಕರ ಕಡೆ ತಿರುಗಿದರು.

"ಕೇಳಿಸ್ಕೊಂಡ್ರಾ? ಅದು ನಾನು. ಈ ವಯಸ್ಸಲ್ಲಿ ನನ್ನ ಕೈಗೆ ಹೂ ಕೊಟ್ಟು, ಊರಿನ ಮುಂದೆ ಅಳಿಸಿದ್ರಲ್ಲ, ಯಾರನ್ನ ಕೇಳಿ ಮಾಡಿದ್ರಿ?"

ಸಂಪಾದಕರು ಕುರ್ಚಿಯಲ್ಲಿ ಕೊಂಚ ಹಿಂದಕ್ಕೆ ಸರಿದರು. "ಹಾಗಲ್ಲ ಯಜಮಾನ್ರೇ, ಓದುಗರಿಗೆ ಸ್ವಲ್ಪ ಪ್ರೀತಿ ಕಾಣಿಸಬೇಕು ಅಂತ..."

"ಪ್ರೀತಿ ಇಲ್ದೆ ಯಾರಾದ್ರೂ ಇಷ್ಟು ಬೈತಾರೇನ್ರೀ? ಬೇಡದವರ ಹತ್ರ ನಾನು ಬಾಯೇ ಬಿಡಲ್ಲ. ನಿಮ್ಮ ಹತ್ರ ಬಿಡ್ತಿದ್ದೀನಿ ಅಂತ ನೀವು ಹಿಗ್ಗಬೇಡಿ, ಇದು ಬೇರೆ ಲೆಕ್ಕ. ಅದಿರಲಿ, ಈ ಕೋಟಿನ ಭುಜ ಯಾರು ಕೂರಿಸಿದ್ದು?"

"ಭುಜಾನಾ? ಅದು... ರೆಡಿಮೇಡು."

"ನಿಮಗೆ ಆಗದವರು ಯಾರೋ ಹೊಲಿದಿದಾರೆ ಅಂದ್ಕೊಂಡೆ ನಾನು. ಏಳಿ ಮೇಲೆ. ಏಳ್ರೀ! ಬೆನ್ನು ಸಡಿಲ ಬಿಡಿ. ನೋಡೋ ಇಲ್ಲಿ, ಇದು ಭುಜಾನಾ, ಪುಸ್ತಕ ಇಡೋ ಹಲಗೇನಾ?"

"ಎರಡು ಪುಸ್ತಕ ಇಡಬಹುದು," ಎಂದರು ಕೊಡೆಯವರು ಗಂಭೀರವಾಗಿ.

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅಕ್ಷರ ಜೋಡಿಸುವವರು, ತಿದ್ದುವವರು, ಹೊರಗೆ ಕುರ್ಚಿ ತೋರಿಸಿದ ಹೆಂಗಸು, ಎಲ್ಲ ಬಂದು ಅಲ್ಲಿ ಮುತ್ತಿಕೊಂಡಿದ್ದರು. ಸಂಪಾದಕರು ಅವರನ್ನು ಗದರಿಸಲು ಬಾಯಿ ತೆರೆದರು. ಎದ್ದು ನಿಂತು, ಎರಡೂ ಕೈ ಅಗಲಿಸಿ, ಸ್ವಂತ ಕೋಣೆಯಲ್ಲಿ ಅಳತೆಗೆ ಸಿಕ್ಕಿಬಿದ್ದ ತಮ್ಮ ಅವಸ್ಥೆಯನ್ನು ಕಿಟಕಿಯ ಗಾಜಿನಲ್ಲಿ ಕಂಡರು. ಅವರಿಗೇ ನಗು ಒತ್ತರಿಸಿ ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ನಗಬೇಡಿ, ಹೊಲಿಗೆ ಬಿಟ್ಕೊಳ್ಳುತ್ತೆ," ಎಂದರು ಮಾವ.

"ಸಾರ್," ಎಂದಳು ಹೊರಗಿನ ಹೆಂಗಸು, "ಬೆಳಗ್ಗೆಯಿಂದ ಫೋನ್ ಬರ್ತಾನೇ ಇದೆ. ಎಲ್ಲರದ್ದೂ ಒಂದೇ ಪ್ರಶ್ನೆ, ಗೊಣಗಜ್ಜನಿಗೆ ಹುಷಾರಿಲ್ವಾ ಅಂತ."

ಸಂಪಾದಕರು ಕಣ್ಣೊರೆಸಿಕೊಂಡರು. ಪಾರಿವಾಳದ ಚಿತ್ರವನ್ನು ಎತ್ತಿ ಸೊಸೆಯ ಕೈಗೆ ವಾಪಸ್ಸು ಕೊಟ್ಟರು. "ಮೇಡಂ, ತಪ್ಪು ನನ್ನದು. ಇದು ಬೇಡ. ಇಲ್ಲಿ ಈಗ ನಡೆದಿದೆಯಲ್ಲ, ಇದನ್ನ ಬರೀರಿ. ನನ್ನ ಭುಜದ ಸಮೇತ. ಕೆಳಗಿನ ಮೂಲೆ ಸಾಲದು, ಅರ್ಧ ಪುಟ ಕೊಡ್ತೀನಿ."

"ಆ ಕೊಡೆ ತೆಗೆದುಹಾಕು," ಎಂದರು ಮಾವ ಸೊಸೆಗೆ. "ನಾನು ಅಂದ್ಮೇಲೆ ನನ್ನ ಕೈಲಿ ಇವನ ಕೊಡೆ ಯಾಕೆ?"

"ಅದೆಲ್ಲ ಆಗಲ್ಲ!" ಕೊಡೆಯವರು ಮುಂದೆ ಬಂದರು. "ಇಷ್ಟು ದಿನ ಕೊಡೆ ತೋರಿಸಿ, ಅಜ್ಜ ಕೊಡೆಯವನೇ ಅಂತ ಊರೆಲ್ಲ ಕುಣಿದಾಡಿದ್ದು ನೀನು. ಕೊಡೆ ಇರಲೇಬೇಕು."

"ಹಾಗಾದ್ರೆ ಅದರ ಕೆಳಗೆ ನೀನೂ ನಿಂತ್ಕೋ, ಹೋಗು!"

"ನಿಂತ್ಕೊಳ್ತೀನಿ!"

ಸೊಸೆ ಇಬ್ಬರನ್ನೂ ನೋಡಿದಳು. ಅರ್ಧ ಪುಟದಲ್ಲಿ ಒಂದು ಕೊಡೆಯಡಿ ಇಬ್ಬರು ಮುದುಕರು ಕಿತ್ತಾಡುತ್ತಿರುವುದು ಅವಳ ಕಣ್ಣಿಗೆ ಕಟ್ಟಿತು. "ಮಾವ, ಪುಟ್ಟೀನ ಸ್ವಲ್ಪ ಹಿಡ್ಕೊಳ್ಳಿ," ಎಂದಳು. ಮಗುವನ್ನು ಕೊಡುವಾಗ ತಲೆ ಹೀಗೆ ಹಿಡಿಯಿರಿ, ಕತ್ತು ಹಾಗೆ ಎಂದು ಎಂದಿನಂತೆ ಹೇಳಲು ಅವಳಿಗೆ ನೆನಪೇ ಆಗಲಿಲ್ಲ.

ಅವಳು ಸಂಪಾದಕರ ಮೇಜಿನ ಮೇಲೆಯೇ ಕಾಗದ ಹರಡಿ ಕೂತಳು. ಅಡುಗೆಮನೆಯ ಬಾಗಿಲಿಲ್ಲ, ಸಂದಿಯಿಲ್ಲ, ಕಾಗದ ಬಚ್ಚಿಡುವ ಅವಸರವಿಲ್ಲ. ಹಗಲು ಬೆಳಕಿನಲ್ಲಿ, ಅಷ್ಟು ಜನರ ನಡುವೆ, ಪೆನ್ಸಿಲ್ ಸರಸರನೆ ಓಡಿತು. ಮಾವ ಮಗುವನ್ನು ಬಗಲಲ್ಲಿ ಕೂರಿಸಿಕೊಂಡು ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಮಗು ಅವರ ಇಸ್ತ್ರಿ ಮಾಡಿದ ಕೋಟಿನ ಮೇಲೆ ಜೊಲ್ಲು ಸುರಿಸುತ್ತಿತ್ತು. ಅವರು ಗಮನಿಸಿದಂತೆ ಕಾಣಲಿಲ್ಲ.

"ಕಾಲರ್ ತಪ್ಪು," ಎಂದರು. "ನನ್ನ ಅಂಗಿ ನಾನೇ ಹೊಲ್ಕೊಳ್ಳೋದು. ಇಷ್ಟು ಸೊಟ್ಟ ಇರುತ್ತಾ?"

"ಸರಿ ಮಾಡ್ತೀನಿ, ಮಾವ." ಅವಳು ರಬ್ಬರ್ ತೆಗೆದುಕೊಂಡಳು. ಕಾಲರ್ ಅಳಿಸುತ್ತಾ ಅಳಿಸುತ್ತಾ ಅದು ಮೇಲಕ್ಕೆ, ಕೆಳಗೆ ಬಾಗಿದ ಬಾಯಿಯ ತನಕ ಸರಿಯಿತು.

ಮಾವ ತಟ್ಟನೆ ಅವಳ ಕೈ ಹಿಡಿದರು.

"ಮುಖ ಮುಟ್ಟಬೇಡ," ಎಂದರು. "ಮುಖ ಸರಿಯಾಗಿ ಕೂತಿದೆ."